ಪದಚರ್ಚೆ: ಗೂಢಲಿಪಿಯ ‘ಕೀ’ಗೆ ಕೀಲಿಯೋ ಬೀಗದಕೈಯೋ?

ಮಾನ್ಯರೇ,

ಚಿಕ್ಕಬಳ್ಳಾಪುರದ ತಮ್ಮ ಕಚೇರಿಯ ಲಿನಕ್ಸ್ ಕಂಪ್ಯೂಟರಿನಲ್ಲಿ, ಬರಹವನ್ನು ಗೂಢಲಿಪಿಯಾಗಿಸಿ ಲಿಂಕಿನ ಮೂಲಕ ಹಂಚಿಕೊಳ್ಳುವ ಪ್ರೈವೇಟ್‌ಬಿನ್ ಎಂಬ ತಂತ್ರಾಂಶವನ್ನು ಹಾಕಿರುವುದಾಗಿಯೂ, ಅದನ್ನು ಬಳಸುವ ಕ್ರಮವನ್ನು ಸೋಮವಾರದೊಳಗೆ ಕನ್ನಡದಲ್ಲಿ ಬರೆಸಿ ಗೋಡೆಗೆ ಹಚ್ಚಬೇಕೆಂದೂ ತಾವು ತಿಳಿಸಿದ್ದೀರಿ. ತಾವು ಕೇಳಿರುವ ಪದಗಳಲ್ಲಿ, ‘ಸೆಲ್ಫ್ ಹೋಸ್ಟಿಂಗ್’ಗೆ ‘ಸ್ವಯಂ ಆತಿಥ್ಯ’ ಎಂಬುದನ್ನು ದಯವಿಟ್ಟು ಕೈಬಿಡಿ. ಆತಿಥ್ಯವೆಂಬುದು ಅತಿಥಿಗೆ ಮಾಡುವಂಥದ್ದು; ‘ನಮ್ಮದೇ ಸರ್ವರ್‌ನಲ್ಲಿ ನಡೆಯುತ್ತದೆ’ ಎಂದರೆ ಸಾಕು. ‘ಬರ್ನ್ ಆಫ್ಟರ್ ರೀಡಿಂಗ್’ಗೆ ‘ಓದಿದ ನಂತರ ಸುಡು’ ಎಂಬುದೂ ಬೇಡ, ‘ಒಮ್ಮೆ ಓದಿದ ಕೂಡಲೇ ಅಳಿಸು’ ಎಂದಿರಲಿ.

ನಿಜವಾದ ಪ್ರಶ್ನೆ, ಗೂಢಲಿಪಿಯನ್ನು ಮತ್ತೆ ಓದುವಂತೆ ಮಾಡುವ ಗುಟ್ಟಿನ ಅಕ್ಷರಸಾಲಾದ ‘ಕೀ’ಯದು. ‘ಕೀಲಿ’ ಅಚ್ಚಗನ್ನಡವಾದ್ದರಿಂದ ಅದನ್ನೇ ಬಳಸಬೇಕೆಂದು ನಿನ್ನೆ ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಅದರ ಮೂಲ ಸಂಸ್ಕೃತದ ‘ಕೀಲ’, ಎಂದರೆ ಗೂಟ, ಬೆಣೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಧಾರವಾಡದ ಕಡೆ ಕೀಲಿ ಎಂದರೆ ಬೀಗವೇ; ಅದನ್ನು ತೆರೆಯುವುದು ಕೀಲಿಕೈ. ಕೋಲಾರದ ನಮ್ಮ ಮನೆಗಳಲ್ಲಿ ಹುಟ್ಟಿದಂದಿನಿಂದ ಕೇಳಿರುವುದು ಬೀಗ, ಬೀಗದಕೈ. ನೆರೆಮನೆಯ ತೆಲುಗಿನವರು ಅದನ್ನೇ ‘ತಾಳಂಚೆವಿ’ ಎನ್ನುತ್ತಾರೆ: ಅವರದು ಬೀಗದ ಕಿವಿ, ನಮ್ಮದು ಬೀಗದ ಕೈ.

ಈ ತಂತ್ರಾಂಶದ ಮಟ್ಟಿಗಂತೂ ‘ಕೈ’ ಬಹಳ ಒಪ್ಪುತ್ತದೆ. ಬರಹವು ಬರೆದವರ ಬ್ರೌಸರಿನಲ್ಲಿಯೇ 256 ಬಿಟ್‌ನ ಎಇಎಸ್ ಎಂಬ ಗೂಢಲಿಪಿ ಕ್ರಮದಲ್ಲಿ ಮಾರ್ಪಟ್ಟು ಸರ್ವರ್‌ಗೆ ಹೋಗುತ್ತದೆ. ತೆರೆಯುವ ಕೀ ಮಾತ್ರ ಲಿಂಕಿನಲ್ಲಿ ‘#’ ಗುರುತಿನ ನಂತರದ ಭಾಗದಲ್ಲಿ ಉಳಿಯುತ್ತದೆ, ಆ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಕಳೆದ ವಾರ ನನ್ನ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ನಾನೇ ಬರೆದಿಟ್ಟ ಒಂದು ಸಾಲನ್ನು ಸರ್ವರಿನ ಕಡತದಲ್ಲಿ ತೆರೆದು ನೋಡಿದೆ. ಅರ್ಥವಿಲ್ಲದ ಅಕ್ಷರ, ಅಂಕಿಗಳ ಸಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಲಿಂಕನ್ನು ‘#’ವರೆಗೆ ಮಾತ್ರ ನಕಲಿಸಿ ಮಗಳ ಫೋನಿಗೆ ಕಳುಹಿಸಿದಾಗ, ಕೀ ಇಲ್ಲವೆಂಬ ಸೂಚನೆ ಬಂದಿತೇ ಹೊರತು ಬರಹ ತೆರೆಯಲಿಲ್ಲ. ಮನೆಯ ಯಜಮಾನನ, ಎಂದರೆ ಸರ್ವರ್ ನಡೆಸುವವರ ಬಳಿಯೂ ಇಲ್ಲದೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾತ್ರ ದಾಟುವ ಈ ವಸ್ತುವಿಗೆ ಬೀಗದಕೈ ಎನ್ನದೆ ಇನ್ನೇನೆನ್ನಬೇಕು?

ಹಾಗೆಂದು ‘ಎನ್‌ಕ್ರಿಪ್ಟ್’ ಎಂಬುದಕ್ಕೆ ‘ಬೀಗ ಹಾಕು’ ಎನ್ನಲಾಗದು. ಬೀಗ ಹಾಕಿದ ಪೆಟ್ಟಿಗೆಯನ್ನು ಒಡೆದರೆ ಒಳಗಿನ ಪತ್ರವನ್ನು ಓದಬಹುದು. ಇಲ್ಲಿ ಪತ್ರದ ಅಕ್ಷರಗಳೇ ಬದಲಾಗಿರುತ್ತವೆ. ಆದ್ದರಿಂದ ಅದಕ್ಕೆ ‘ಗೂಢಲಿಪಿ’ಯೇ ಸರಿ. ಅದು ಸಂಸ್ಕೃತವೆಂದು ಆಕ್ಷೇಪಿಸುವವರು, ಪೋರ್ಚುಗೀಸರಿಂದ ಬಂದ ‘ಚಾವಿ’ಯನ್ನು ಕನ್ನಡದ ಎಷ್ಟೋ ಮನೆಗಳು ತಮ್ಮದಾಗಿಸಿಕೊಂಡಿರುವುದನ್ನು ನೆನೆಯಬೇಕು. ‘ಲಿಂಕ್’ಗೆ ‘ಕೊಂಡಿ’ ಎಂದು ಬರೆಯುವವನು ನಾನೂ ಹೌದು. ಆದರೆ ಕೊಂಡಿಯೆಂದರೆ ಬಾಗಿಲಿನಲ್ಲಿ ಬೀಗ ಸಿಕ್ಕಿಸುವ ಜಾಗವೂ ಆಗಿರುವುದರಿಂದ, ಬೀಗದಕೈಯ ಪಕ್ಕದಲ್ಲಿ ಅದು ಗೊಂದಲವನ್ನೇ ತರುತ್ತದೆ. ಇಲ್ಲಿ ಲಿಂಕ್ ಎಂದೇ ಇರಲಿ.

ಫಲಕದಲ್ಲಿ ಹೀಗೆ ಬರೆಸಬಹುದು: ‘ನೀವು ಬರೆದದ್ದು ನಿಮ್ಮ ಬ್ರೌಸರಿನಲ್ಲಿಯೇ ಗೂಢಲಿಪಿಯಾಗಿ ನಮ್ಮ ಸರ್ವರ್‌ಗೆ ಸೇರುತ್ತದೆ. ಬೀಗದಕೈ ಲಿಂಕಿನ ಕೊನೆಯಲ್ಲಿದೆ. ಲಿಂಕನ್ನು ಪೂರ್ತಿಯಾಗಿ ನಕಲಿಸಿ, ಓದಬೇಕಾದವರಿಗೆ ಮಾತ್ರ ಕೊಡಿ.’