ವಕ್ರಾಕೃತಿಗಳ ಒಗಟಿನಲ್ಲಿ ಯಾವುದನ್ನು ಬಿಡಿಸಿ ಹೇಳಬೇಕು? ಅನುಭವ ಹಂಚಿಕೊಳ್ಳಿ

ಹರಿಹರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಪ್ರತಿ ಶನಿವಾರ ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ರೇಖಾಗಣಿತದ ಒಂದು ಒಗಟನ್ನು ಬರೆಯುವುದು ನನ್ನ ರೂಢಿ. ಕಳೆದ ವಾರ 14 ಸೆಂ.ಮೀ. ಬಾಹುವಿನ ಚೌಕವೊಂದನ್ನು ಬರೆದು, ಅದರ ಎದುರುಬದುರು ಮೂಲೆಗಳ ನಡುವೆ ಎರಡು ಬಾಗಿದ ಗೆರೆಗಳನ್ನು ಎಳೆದು, ನಡುವೆ ಮೂಡಿದ ಎಲೆಯಾಕಾರದ ವಿಸ್ತೀರ್ಣ ಎಷ್ಟೆಂದು ಕೇಳಿದೆ. ನನ್ನ ಉತ್ತರ 112 ಚ.ಸೆಂ.ಮೀ. ಆಗಿತ್ತು. ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಈ ಗೆರೆ ವೃತ್ತದ ಭಾಗ ಅಂತ ನೀವು ಹೇಳಲೇ ಇಲ್ಲವಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಒಗಟು ತೀರಾ ಉದ್ದವಾಗದಂತೆ, ಉಪಾಯವೂ ಬಯಲಾಗದಂತೆ, ಇಂತಹ ಗೃಹೀತಗಳನ್ನು, ಅಂದರೆ ನಿಜವೆಂದು ಮೊದಲೇ ಹಿಡಿದುಕೊಂಡ ಮಾತುಗಳನ್ನು, ತಾವೆಲ್ಲ ಹೇಗೆ ಬರೆಯುತ್ತೀರಿ?

ಚಿತ್ರದುರ್ಗದಿಂದ, ನಿವೃತ್ತ ಗಣಿತ ಶಿಕ್ಷಕ:

ಆ ಹುಡುಗಿ ಕೇಳಿದ್ದು ನ್ಯಾಯವಾಗಿದೆ ಮೇಡಂ. ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ ಒಂದೇ; ಬಾಗಿದ ಗೆರೆಗಳಿಗೆ ಲೆಕ್ಕವೇ ಇಲ್ಲ. ವೃತ್ತದ ಕಂಸ, ಅಂದರೆ ಪರಿಧಿಯ ಒಂದು ತುಂಡು, ಎಂದು ಹೇಳಿದ ಮೇಲೂ ಕೇಂದ್ರ ಎಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಕೇಂದ್ರಗಳು ಚೌಕದ ಉಳಿದೆರಡು ಮೂಲೆಗಳಲ್ಲಿದ್ದರೆ ಮಾತ್ರ ಕಂಸಗಳು ಕಾಲು ವೃತ್ತದವಾಗಿ, ಒಂದೊಂದು ಕಾಲು ವೃತ್ತದ ವಿಸ್ತೀರ್ಣವಾದ 154ರ ಎರಡರಷ್ಟರಿಂದ ಚೌಕದ 196ನ್ನು ಕಳೆದಾಗ 112 ಸಿಗುತ್ತದೆ. ಕೇಂದ್ರಗಳನ್ನು ಕರ್ಣದ ಗುಂಟ ಚೌಕದಿಂದ ಹೊರಕ್ಕೆ ಸರಿಸಿದಷ್ಟೂ ಎಲೆ ತೆಳುವಾಗುತ್ತ ಹೋಗುತ್ತದೆ. ಆ 112 ಕೂಡ ಪೈ ಬೆಲೆಯನ್ನು 22/7 ಎಂದು ಹಿಡಿದದ್ದರಿಂದ ಬಂದದ್ದು. 3.14 ಹಿಡಿದ ಮಗುವಿಗೆ 111.72 ಬರುತ್ತದೆ, ಅದನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ವ್ಯಾವಹಾರಿಕ ಗಣಿತ, ಸೂಕ್ಷ್ಮ ಗಣಿತ ಎಂದು ಎರಡನ್ನೂ ಬೇರ್ಪಡಿಸಿ, ಮೊದಲನೆಯದರಲ್ಲಿ ಪರಿಧಿಯು ವ್ಯಾಸದ 3 ಪಟ್ಟು, ಎರಡನೆಯದರಲ್ಲಿ 10ರ ವರ್ಗಮೂಲದಷ್ಟು ಪಟ್ಟು ಎಂದು ಹಿಡಿದಿದ್ದಾರೆ. ಯಾವ ಲೆಕ್ಕ ಎಂದು ಮೊದಲೇ ಹೇಳಿಬಿಡುವ ಆ ಕ್ರಮ ನನಗೆ ಬಹಳ ಹಿಡಿಸುತ್ತದೆ.

ನಾನು ಪಾಲಿಸುತ್ತಿದ್ದ ಪರೀಕ್ಷೆ ಒಂದೇ: ಚಿತ್ರವನ್ನು ಮುಚ್ಚಿಟ್ಟು, ಬರೆದ ಮಾತನ್ನಷ್ಟೇ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ ಅವರಿಂದ ಚಿತ್ರ ಬರೆಸುವುದು. ಮಕ್ಕಳನ್ನು ಕೋಟೆಗೆ ಕರೆದೊಯ್ದು ಸಿಡಿಮದ್ದು ಬೀಸುವ ದುಂಡು ಕಲ್ಲುಗಳನ್ನು ತೋರಿಸಿ ತಂದ ದಿನ, "ದೊಡ್ಡ ವೃತ್ತದೊಳಗೆ ನಾಲ್ಕು ವೃತ್ತಗಳಿವೆ; ತ್ರಿಜ್ಯಗಳ ಅನುಪಾತವೇನು?" ಎಂದು ಒಗಟು ಕಟ್ಟಿದ್ದೆ. ಓದಿ ಹೇಳಿದಾಗ ನನ್ನ ಮಗಳು ಒಂದು ದೊಡ್ಡದು, ಮೂರು ಚಿಕ್ಕವು, ಒಂದಕ್ಕೊಂದು ತಾಗದಂತೆ, ತಟ್ಟೆಯಲ್ಲಿ ಹರಡಿದ ಚಕ್ಕುಲಿಗಳ ಹಾಗೆ ಬರೆದಿಟ್ಟಳು. ನಾಲ್ಕೂ ಸಮ, ಪ್ರತಿಯೊಂದೂ ಅಕ್ಕಪಕ್ಕದ ಎರಡನ್ನೂ ಹೊರಗಿನ ವೃತ್ತವನ್ನೂ ಸ್ಪರ್ಶಿಸುತ್ತದೆ ಎಂದು ಸೇರಿಸಿದಾಗಷ್ಟೇ, ಹೊರಗಿನ ತ್ರಿಜ್ಯವು ಚಿಕ್ಕದರ (1+√2) ಪಟ್ಟು ಎಂಬ ಉತ್ತರ ನಿಲ್ಲುತ್ತದೆ. ಅಷ್ಟು ಹೇಳಿದ್ದರಿಂದ ಉಪಾಯವೇನೂ ಬಯಲಾಗಲಿಲ್ಲ, ಏಕೆಂದರೆ ಕೇಂದ್ರಗಳನ್ನು ಜೋಡಿಸಿ ಚೌಕವನ್ನು ಕಾಣುವ ಕೆಲಸ ಮಕ್ಕಳಿಗೇ ಉಳಿದಿತ್ತು.

ದಾವಣಗೆರೆಯಿಂದ, ಕಟ್ಟಡ ಕೆಲಸ ಮಾಡಿಸುವವರು:

ಏಕಕೇಂದ್ರೀಯ, ಅಂದರೆ ಕೇಂದ್ರ ಒಂದೇ ಆಗಿರುವ, ಎಂಬ ಒಂದು ಪದದ ಬೆಲೆ ನನಗೆ ಬಾವಿಯ ಕಟ್ಟೆಯ ಮೇಲೆ ತಿಳಿಯಿತು. ಹೊಳಲ್ಕೆರೆ ಕಡೆಯ ನಮ್ಮ ಊರಿನಲ್ಲಿ ಹಳೆಯ ಬಾವಿಯ ಕಟ್ಟೆಯ ಮೇಲ್ಭಾಗಕ್ಕೆ ಗಾರೆ ಮಾಡಿಸಬೇಕಿತ್ತು. ಎರಡು ಏಕಕೇಂದ್ರೀಯ ವೃತ್ತಗಳಲ್ಲಿ ಒಳವೃತ್ತವನ್ನು ಸ್ಪರ್ಶಿಸುವ ಹೊರವೃತ್ತದ ಜ್ಯಾ (ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ) ಎಷ್ಟುದ್ದವೆಂದು ಗೊತ್ತಿದ್ದರೆ ಸಾಕು, ಅದರ ಅರ್ಧವನ್ನೇ ತ್ರಿಜ್ಯವೆಂದಿಟ್ಟು ನಡುವಿನ ಬಳೆಯ ವಿಸ್ತೀರ್ಣ ತೆಗೆಯಬಹುದು. ಜ್ಯಾ 7 ಅಡಿಯಾದರೆ 38.5 ಚದರ ಅಡಿ. ಓದುವಾಗ ಕಲಿತ ಈ ಸೊಗಸಾದ ಲೆಕ್ಕವನ್ನು ನೆನೆದು, ನೇರವಾದ ಪಟ್ಟಿಯನ್ನು ಒಳಸುತ್ತಿಗೆ ತಾಗಿಸಿ ಅಳೆದೆ. ಒಂದು ಕಡೆ 6 ಅಡಿ ಬಂತು, ಅದರ ಎದುರು ಕಡೆ 8 ಅಡಿಗೆ ಸ್ವಲ್ಪವೇ ಕಡಿಮೆ. ಗಡಗಡೆಯ ಕಂಬವಿದ್ದ ಕಡೆ ಕಟ್ಟೆಯನ್ನು ಯಾವಾಗಲೋ ದಪ್ಪಗೆ ಕಟ್ಟಿದ್ದರು. ಎರಡೂ ಸುತ್ತು ದುಂಡಗಿದ್ದರೂ ಕೇಂದ್ರ ಒಂದೇ ಆಗಿರಲಿಲ್ಲ. ಕೊನೆಗೆ ಟೇಪಿನಿಂದ ಒಳಗಿನ, ಹೊರಗಿನ ಎರಡೂ ಸುತ್ತಳತೆ ತೆಗೆದು, ಎರಡು ವೃತ್ತಗಳ ವಿಸ್ತೀರ್ಣಗಳ ವ್ಯತ್ಯಾಸ ಹಿಡಿದೆ. ಆ ಲೆಕ್ಕಕ್ಕೆ ಎರಡೂ ವೃತ್ತಗಳಾಗಿದ್ದರೆ ಸಾಕು, ಕೇಂದ್ರ ಒಂದೇ ಆಗಿರಬೇಕಿಲ್ಲ. ಮೇಡಂ, ಒಂದೇ ಒಗಟನ್ನು ಈ ಎರಡು ಬಗೆಯ ದತ್ತಗಳೊಂದಿಗೆ ಕೊಟ್ಟು, ಯಾವುದಕ್ಕೆ ಯಾವ ಗೃಹೀತ ಬೇಕೆಂದು ಮಕ್ಕಳಿಂದಲೇ ಹೇಳಿಸಿ ನೋಡಿ.

ಚಳ್ಳಕೆರೆಯಿಂದ, ಕಾಲೇಜು ವಿದ್ಯಾರ್ಥಿನಿ:

ಚೌಕಾಕಾರದ ಕೊಟ್ಟಿಗೆಯ ಮೂಲೆಗೆ 7 ಮೀ. ಹಗ್ಗದಲ್ಲಿ ಕಟ್ಟಿದ ಕುರಿ ಎಷ್ಟು ಜಾಗ ಮೇಯುತ್ತದೆ ಎಂಬ ಲೆಕ್ಕದಲ್ಲಿ ನಾನು ಮುಗ್ಗರಿಸಿದ್ದೆ. ಕಟ್ಟಿದ್ದು ಹೊರಗೋ ಒಳಗೋ ಎಂದೂ ಕೊಟ್ಟಿಗೆಯ ಬಾಹು ಎಷ್ಟೆಂದೂ ಅದರಲ್ಲಿ ಹೇಳಿರಲಿಲ್ಲ. ಹೊರಗೆ ಕಟ್ಟಿದ್ದು, ಬಾಹು 7 ಮೀ. ಅಥವಾ ಹೆಚ್ಚಾಗಿದ್ದರೆ ಮುಕ್ಕಾಲು ವೃತ್ತ, ಅಂದರೆ 115.5 ಚ.ಮೀ. ಬಾಹು 5 ಮೀ. ಆದರೆ ಹಗ್ಗ ಮೂಲೆಗಳನ್ನು ಬಳಸಿ ತಿರುಗುವುದರಿಂದ 2 ಮೀ. ತ್ರಿಜ್ಯದ ಎರಡು ಕಾಲು ವೃತ್ತಗಳು ಹೆಚ್ಚಿಗೆ ಸೇರುತ್ತವೆ.

ಕೇಳಿದವರ ಉತ್ತರ:

ಎಲ್ಲರಿಗೂ ಕೃತಜ್ಞತೆಗಳು. ಈ ಶನಿವಾರ ಹೀಗೆ ಬರೆಯಲಿದ್ದೇನೆ: "ಅಬಕಡ ಒಂದು ಚೌಕ, ಬಾಹು 14 ಸೆಂ.ಮೀ. ಅ ಮತ್ತು ಕ ಕೇಂದ್ರಗಳಾಗಿ, ಬಾಹುವೇ ತ್ರಿಜ್ಯವಾಗಿ, ಚೌಕದೊಳಗೆ ಎರಡು ಕಂಸಗಳನ್ನು ಎಳೆದಿದೆ. ಎರಡು ಕಂಸಗಳ ನಡುವಿನ ಭಾಗದ ವಿಸ್ತೀರ್ಣವೆಷ್ಟು? ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ. ಚಿತ್ರ ಅಳತೆಗೆ ತಕ್ಕಂತಿಲ್ಲ." ಚಿತ್ರವನ್ನು ನಾನು ಬರೆಯುವುದಿಲ್ಲ, ಈ ಮಾತನ್ನಷ್ಟೇ ಓದಿ ಕರಿಹಲಗೆಯ ಮೇಲೆ ಬರೆಯಲು ಆ ಹುಡುಗಿಯನ್ನೇ ಕರೆಯುತ್ತೇನೆ. ಹಾಗಿದ್ದ ಮೇಲೆ ಕೊನೆಯ ವಾಕ್ಯ ಬೇಕಾಗಿಯೇ ಇಲ್ಲ, ಅದನ್ನು ತೆಗೆದುಬಿಡುತ್ತೇನೆ.