ಮಣ್ಣಿನ ಗೋಡೆ ಮನೆಯ ಹಿಂದಿನ ಕೋಣೆಗೆ ಹಳೇ ರೂಟರ್‌ನಿಂದ ವೈಫೈ ಕೊಡಬಹುದಾ?

ಶಿರಸಿ ಸೊಸೆ:
ನಮಸ್ಕಾರ ಎಲ್ಲರಿಗೂ. ನಮ್ಮದು ಶಿರಸಿ ಹತ್ತಿರದ ಹಳ್ಳಿಯಲ್ಲಿ ಹಳೇ ಮನೆ. ಮಣ್ಣಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಫ್ಯಾನೇ ಬೇಡ ಅಂತ ಮಾವ ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ. ಆ ಗೋಡೆ ಸೆಕೆಯ ಜತೆ ವೈಫೈಯನ್ನೂ ತಡೆಯುತ್ತದೆ ಅನ್ನುವುದು ನನ್ನ ಕಷ್ಟ.

ಫೈಬರ್ ಕನೆಕ್ಷನ್ ಇದೆ, 50 ಎಂಬಿಪಿಎಸ್. ಪೆಟ್ಟಿಗೆಯನ್ನು ಜಗಲಿಯಲ್ಲಿ ಕ್ಯಾಲೆಂಡರಿನ ಪಕ್ಕ ಹೊಡೆದು ಹೋಗಿದ್ದಾರೆ. ಅದರ ಕೆಳಗೇ ಅತ್ತೆಯ ಕುರ್ಚಿ. ಅವರು ಫೋನಿನಲ್ಲಿ ಇಡೀ ರಾತ್ರಿಯ ಯಕ್ಷಗಾನ ನೋಡುತ್ತಾರೆ, ಒಂದು ಸಲವೂ ನಿಂತಿದ್ದಿಲ್ಲ. ನಾನು ಕೂರುವುದು ಅಡಿಗೆಮನೆ ದಾಟಿ ಹಿಂದಿನ ಕೋಣೆಯಲ್ಲಿ, ನಡುವೆ ನಾಲ್ಕು ಗೋಡೆ. ಬೆಂಗಳೂರಿನ ಒಂದು ಆಫೀಸಿಗೆ ಇಲ್ಲಿಂದಲೇ ಲೆಕ್ಕಪತ್ರ ಮಾಡುತ್ತೇನೆ. ತಿಂಗಳ 20ನೇ ತಾರೀಕು ಬಂತೆಂದರೆ ಜಿಎಸ್‌ಟಿ ರಿಟರ್ನ್ ಹಾಕಲು ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಓಡುವುದು, ಅಲ್ಲಿ ಭಾಗವತರ ಪದ್ಯದ ನಡುವೆ ಕ್ಲೈಂಟ್ ಜತೆ ಮಾತಾಡುವುದು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ಕೊಂಡಿದ್ದ ರೂಟರ್ ಒಂದು ಟ್ರಂಕಿನಲ್ಲಿ ಸಿಕ್ಕಿತು. ಎರಡು ಆಂಟೆನಾ, ಹಿಂದೆ ಒಂದು ನೀಲಿ ತೂತು, ನಾಲ್ಕು ಹಳದಿ ತೂತು. ಲೈಟ್ ಉರಿಯುತ್ತದೆ. ಇದನ್ನು ಹಿಂದಿನ ಕೋಣೆಯಲ್ಲಿ ಇಟ್ಟು ಕೆಲಸ ತೆಗೆಯಬಹುದಾ? ಹೊಸದು ಕೊಳ್ಳುವುದು ಆಮೇಲೆ ನೋಡೋಣ.

ಎರಡನೇ ಅಂತಸ್ತು:
ರೂಟರ್ ಸೆಟ್ಟಿಂಗ್‌ನಲ್ಲಿ ರಿಪೀಟರ್ ಅಥವಾ ಡಬ್ಲ್ಯುಡಿಎಸ್ (ಎರಡು ರೂಟರ್‌ಗಳನ್ನು ತಂತಿ ಇಲ್ಲದೆ ಕೂಡಿಸುವುದು) ಅಂತ ಇದ್ದರೆ ಆನ್ ಮಾಡಿ. ತಂತಿಯೇ ಬೇಡ. ನಮ್ಮ ಫ್ಲಾಟಿನಲ್ಲಿ ಹಾಗೇ ಮಾಡಿದ್ದೇನೆ. ದುಡ್ಡಿದ್ದರೆ ಮೆಶ್ ತಗೊಳ್ಳಿ, ಅಂದರೆ ಒಂದೇ ವೈಫೈಯಾಗಿ ಕೂಡಿ ಕೆಲಸ ಮಾಡುವ ಎರಡು ಮೂರು ಪೆಟ್ಟಿಗೆಗಳ ಸೆಟ್, ತಲೆನೋವೇ ಇಲ್ಲ.

ತಂತಿಕಂಬ:
ಮೇಡಂ, ಫ್ಲಾಟಿನ ಲೆಕ್ಕ ಬೇರೆ, ನಿಮ್ಮ ಮನೆ ಲೆಕ್ಕ ಬೇರೆ. ನಾನು ತೀರ್ಥಹಳ್ಳಿ ಕಡೆ ಹದಿನೈದು ವರ್ಷದಿಂದ ಕೇಬಲ್ ಎಳೆಯುವವನು, ಇಂಥ ಮನೆ ಬೇಕಾದಷ್ಟು ನೋಡಿದ್ದೇನೆ.

ರಿಪೀಟರ್ ಅಂದರೆ ತನಗೆ ಕೇಳಿಸಿದ್ದನ್ನು ತಿರುಗಿ ಕೂಗುವವನು. ನಿಮ್ಮ ಕೋಣೆಯಲ್ಲಿ ಅವನಿಗೇ ಸರಿಯಾಗಿ ಕೇಳಿಸುವುದಿಲ್ಲ, ಇನ್ನು ಕೂಗುವುದೇನು? ನಡುಮನೆಯಲ್ಲಿ ಇಟ್ಟರೆ ಸ್ವಲ್ಪ ಪ್ರಯೋಜನ ಆದೀತು. ಆದರೆ ಹಳೇ ರೂಟರಿನಲ್ಲಿ ರೇಡಿಯೋ ಇರುವುದು ಒಂದೇ, ಕೇಳುವುದಕ್ಕೂ ಹೇಳುವುದಕ್ಕೂ ಅದೇ. ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಎರಡು ಬೇರೆ ಕಂಪನಿಯ ಪೆಟ್ಟಿಗೆಗಳಾದರೆ ಡಬ್ಲ್ಯುಡಿಎಸ್ ಕೂಡುವುದೇ ಅನುಮಾನ. ಮೆಶ್ ಕೂಡ ತಂತಿ ಇಲ್ಲದೆ ಅದೇ ಗೋಡೆಗಳನ್ನೇ ದಾಟಬೇಕು. ವೈಫೈಯ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸ್ ಅಂತೂ ದಪ್ಪ ಗೋಡೆಗೆ 2.4ಕ್ಕಿಂತ ಬೇಗ ಸೋಲುತ್ತದೆ.

ತಂತಿ ಎಳೆಯಿರಿ. ಜಗಲಿಯಿಂದ ಅಟ್ಟಕ್ಕೆ ಹತ್ತಿಸಿ, ಅಟ್ಟದ ಮೇಲೇ ಸಾಗಿಸಿ, ನಿಮ್ಮ ಕೋಣೆಯಲ್ಲಿ ಇಳಿಸಿ. ಗೋಡೆ ಕೊರೆಯುವುದೇ ಬೇಡ. ಈ ಜಾತಿಯ ಕೇಬಲ್ 100 ಮೀಟರ್ ತನಕ ತೊಂದರೆ ಇಲ್ಲದೆ ಹೋಗುತ್ತದೆ, ನಿಮಗೆ 30 ಮೀಟರ್ ಸಾಕಾಗಬಹುದು. ಅಂಗಡಿಯಲ್ಲಿ ಕ್ಯಾಟ್ 6 ಕೇಳಿ, ಪೂರ್ತಿ ತಾಮ್ರದ್ದೇ ಬೇಕು ಅನ್ನಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಅದು ಬೇಡ, ಎರಡು ಸಲ ಮಡಚಿದರೆ ಮುರಿಯುತ್ತದೆ. ಅಟ್ಟದಲ್ಲಿ ಇಲಿ ಇಲ್ಲದ ಮನೆ ನಾನು ನೋಡಿಲ್ಲ, ಅದಕ್ಕೇ ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಹಾಕಿಸಿ.

ಒಂದು ತುದಿ ಜಗಲಿ ಪೆಟ್ಟಿಗೆಯ ಲ್ಯಾನ್ (ಮನೆಯೊಳಗಿನ ತಂತಿ ಚುಚ್ಚುವ) ತೂತಿಗೆ, ಇನ್ನೊಂದು ತುದಿ ಹಳೇ ರೂಟರಿನ ಹಳದಿ ತೂತಿಗೆ. ನೀಲಿಗೆ ಹಾಕಬೇಡಿ. ಅಡಾಪ್ಟರ್ ಎರಡನ್ನೂ ಅದಲುಬದಲು ಮಾಡಬೇಡಿ, ಒಂದು 9 ವೋಲ್ಟ್, ಇನ್ನೊಂದು 12 ವೋಲ್ಟ್ ಇದ್ದೀತು. ಸೆಟ್ಟಿಂಗ್ ಸ್ವಲ್ಪ ಬದಲಿಸಬೇಕು, ತಂತಿ ಎಳೆದಾದ ಮೇಲೆ ಬನ್ನಿ, ಹೇಳುತ್ತೇನೆ.

ಶಿರಸಿ ಸೊಸೆ:
ತಂತಿ ಎಳೆದಾಯಿತು! ಅಟ್ಟಕ್ಕೆ ನಾನೇ ಹತ್ತಿದೆ. ಹಳೇ ಕೊಪ್ಪರಿಗೆ, ತೊಟ್ಟಿಲು, ಮಾವನ ಸೈಕಲ್ ಪಂಪು ಎಲ್ಲ ದಾಟಿಕೊಂಡು ಪೈಪು ತೂರಿಸಿದೆವು. 28 ಮೀಟರ್ ಹಿಡಿಯಿತು.

ಆದರೆ ಎಡವಟ್ಟಾಗಿದೆ. ಸೆಟ್ಟಿಂಗ್ ನಾಳೆ ಕೇಳಿದರಾಯಿತು ಅಂತ ಸುಮ್ಮನೆ ಹಳದಿ ತೂತಿಗೆ ಚುಚ್ಚಿ ನೋಡಿದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಜಗಲಿಯಿಂದ ಅತ್ತೆಯ ದನಿ: ಕೌರವ ಗದೆ ಎತ್ತಿದವ ಹಾಗೇ ನಿಂತುಬಿಟ್ಟಿದ್ದಾನೆ. ಪೆಟ್ಟಿಗೆಯ ಬುಡದಲ್ಲೇ ಕೂತಿದ್ದಾರೆ, ಸಿಗ್ನಲ್ ಪೂರ್ತಿ ಇದೆ, ಆದರೆ ಇಂಟರ್ನೆಟ್ ಇಲ್ಲ ಅನ್ನುತ್ತದೆ. ಮಾವನ ಫೋನ್ ಮಾತ್ರ ಸರಿ ಇದೆ. ನನ್ನ ಫೋನಿನಲ್ಲಿ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಮನೆಯಲ್ಲಿ ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ಹುಬ್ಬಳ್ಳಿ ಹುಡುಗ:
ಅಕ್ಕಾರ, ಮೊದಲ ಆ ತಂತಿ ಕಿತ್ತ ಹಾಕ್ರಿ. ಆಮೇಲೆ ಅತ್ತಿಯವರ ಫೋನ್‌ನ್ಯಾಗ ವೈಫೈ ಒತ್ತಿ ಹಿಡದ ಐಪಿ ಅಡ್ರೆಸ್ ಏನೈತಿ ನೋಡ್ರಿ. 192.168.0 ಅಂತ ಶುರು ಇದ್ದರ ನನ್ನ ಮಾತ ಖರೆ.

ಆಗಿದ್ದ ಇಷ್ಟರಿ. ನಿಮ್ಮ ಮನ್ಯಾಗ ಈಗ ಅಡ್ರೆಸ್ ಹಂಚೋರು ಇಬ್ಬರಾಗ್ಯಾರ. ಜಗಲಿ ಪೆಟ್ಟಗಿ ಒಂದ ನಮೂನಿ ಹಂಚತೈತಿ, ಹಳೇದು ಇನ್ನೊಂದ ನಮೂನಿ. ಯಾವುದು ಮೊದಲ ಉತ್ತರ ಕೊಡತೈತೋ ಫೋನ್ ಅದರದ್ದ ಹಿಡಕೊಂಡ ಕೂಡತೈತಿ. ಅತ್ತಿಯವರ ಫೋನ್ ಹಳೇದರ ಮಾತ ಕೇಳೇತಿ, ಹಳೇದಕ್ಕ ಹೊರಗ ಹೋಗೋ ದಾರಿನ ಗೊತ್ತಿಲ್ಲ. ಈ ಅಡ್ರೆಸ್ ಹಂಚೋ ಕೆಲಸಕ್ಕ ಡಿಎಚ್‌ಸಿಪಿ ಅಂತಾರ, ಅದನ್ನ ಬಂದ್ ಮಾಡಬೇಕರಿ ಹಳೇದರಾಗ.

ಶಿರಸಿ ಸೊಸೆ:
ನೀವು ಹೇಳಿದ್ದು ಹೌದು! ಅತ್ತೆಯದು 192.168.0.101. ಮಾವನದು 192.168.1.5. ತಂತಿ ಕಿತ್ತು ಅತ್ತೆಯ ವೈಫೈ ಆಫ್ ಮಾಡಿ ಆನ್ ಮಾಡಿದೆ, ಗದೆ ಕೆಳಗಿಳಿಯಿತು.

ತಂತಿಕಂಬ:
ತಂತಿ ಎಳೆದಾದ ಮೇಲೆ ಬನ್ನಿ ಅಂದಿದ್ದು ಅದಕ್ಕೇ ಮಾರಾಯ್ರೆ! ಇರಲಿ, ನನ್ನದೂ ತಪ್ಪು, ಮೊದಲೇ ಹೇಳಬೇಕಿತ್ತು.

ಈಗ ಮಾಡಬೇಕಾದದ್ದು. ಹಳೇ ರೂಟರಿನ ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡಿಯಿರಿ, ಬೆಂಗಳೂರಿನ ಹಳೇ ಸೆಟ್ಟಿಂಗ್ ಎಲ್ಲ ಅಳಿಸಿಹೋಗಲಿ. ಅಟ್ಟದ ತಂತಿ ಈಗಲೇ ಚುಚ್ಚಬೇಡಿ. ಒಂದು ಗಿಡ್ಡ ತಂತಿಯಲ್ಲಿ ಲ್ಯಾಪ್‌ಟಾಪನ್ನು ಹಳದಿ ತೂತಿಗೆ ಸೇರಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಬ್ರೌಸರಿನಲ್ಲಿ 192.168.0.1 ಹೊಡೆಯಿರಿ. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಜಗಲಿಯದ್ದರಂತೆಯೇ ಇಡಿ, ಅಕ್ಷರ ದೊಡ್ಡದು ಚಿಕ್ಕದು ಸಮೇತ. ಸೆಕ್ಯೂರಿಟಿ ಡಬ್ಲ್ಯುಪಿಎ2. ಚಾನೆಲ್ ಮಾತ್ರ ಬೇರೆ ಇರಲಿ: ಜಗಲಿಯದು 1 ಆದರೆ ಇದಕ್ಕೆ 6 ಅಥವಾ 11. 2.4 ಗಿಗಾಹರ್ಟ್ಸ್‌ನಲ್ಲಿ ಈ ಮೂರೂ ಒಂದರ ಮೇಲೊಂದು ಬೀಳುವುದಿಲ್ಲ.

ಆಮೇಲೆ ರೂಟರಿನ ಸ್ವಂತ ಅಡ್ರೆಸ್ಸನ್ನು 192.168.1.2 ಮಾಡಿ. ಅದು ಒಮ್ಮೆ ಆಫ್ ಆಗಿ ಆನ್ ಆಗುತ್ತದೆ, ಆಗ ಹೊಸ ಅಡ್ರೆಸ್ಸಿನಲ್ಲಿ ತೆರೆದು ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ. ಇದೇ ಕ್ರಮದಲ್ಲಿ ಮಾಡಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ಅಡ್ರೆಸ್ ಕೊಡುವವರಿಲ್ಲದೆ ಆ ಪುಟವೇ ಸಿಗದೆ ಹೋದೀತು. ಇನ್ನೊಂದು, ಜಗಲಿ ಪೆಟ್ಟಿಗೆ 192.168.1.2ರಿಂದಲೇ ಅಡ್ರೆಸ್ ಹಂಚುತ್ತಿದ್ದರೆ ಅದನ್ನು 192.168.1.10ರಿಂದ ಶುರು ಮಾಡಿ. ಇಲ್ಲದಿದ್ದರೆ ಯಾವತ್ತಾದರೂ ಒಂದು ಫೋನಿಗೆ ಅದೇ 2 ಹೋಗಿ ಜಗಳ ಶುರುವಾಗುತ್ತದೆ.

ಇಷ್ಟಾದ ಮೇಲೆ ಅಟ್ಟದ ತಂತಿ ಚುಚ್ಚಿ. ನೀಲಿ ತೂತಿಗೆ ಒಂದು ತುಂಡು ಟೇಪು ಅಂಟಿಸಿಬಿಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಶಿರಸಿ ಸೊಸೆ:
ಬಂತು! ಹಿಂದಿನ ಕೋಣೆಯಲ್ಲಿ ವೇಗ 46 ಎಂಬಿಪಿಎಸ್ ತೋರಿಸುತ್ತಿದೆ. ಮೊದಲು 2 ಬಂದರೆ ಹಬ್ಬ. ಸಂಜೆ ಅರ್ಧ ಗಂಟೆ ವಿಡಿಯೋ ಕಾಲ್ ಮಾಡಿದೆ, ಎಲ್ಲೂ ತಡವರಿಸಲಿಲ್ಲ.

ಒಂದೇ ಕಿರಿಕಿರಿ. ಜಗಲಿಯಿಂದ ಫೋನ್ ಹಿಡಿದುಕೊಂಡು ಒಳಗೆ ಬಂದರೆ ಅದು ಜಗಲಿಯ ಸಿಗ್ನಲ್ಲನ್ನೇ ಹಿಡಿದು ನೇತಾಡುತ್ತದೆ, ಒಂದೇ ಗೆರೆ ಉಳಿದರೂ ಬಿಡುವುದಿಲ್ಲ. ಇನ್ನೊಂದು ಪ್ರಶ್ನೆ. ಮಾವ ಕೇಳುತ್ತಿದ್ದಾರೆ, ಇದೇ ಥರ ಅಂಗಳ ದಾಟಿ ಅಡಿಕೆ ಸುಲಿಯುವ ಚಪ್ಪರಕ್ಕೂ ಒಂದು ತಂತಿ ಎಳೆಯಬಹುದಾ ಅಂತ.

ತಂತಿಕಂಬ:
ಯಾವುದನ್ನು ಹಿಡಿಯಬೇಕು ಅನ್ನುವುದು ಫೋನಿನದೇ ತೀರ್ಮಾನ, ರೂಟರಿನದ್ದಲ್ಲ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹತ್ತಿರದ್ದನ್ನು ಹಿಡಿಯುತ್ತದೆ. ಲ್ಯಾಪ್‌ಟಾಪಿಗಂತೂ ವೈಫೈ ಯಾಕೆ? ಇನ್ನೂ ಮೂರು ಹಳದಿ ತೂತು ಖಾಲಿ ಇವೆಯಲ್ಲ, ಗಿಡ್ಡ ತಂತಿ ಚುಚ್ಚಿ ಕೂತುಕೊಳ್ಳಿ.

ಚಪ್ಪರಕ್ಕೆ ತಾಮ್ರದ ತಂತಿ ಬೇಡವೇ ಬೇಡ. ಮನೆಯೊಳಗಿನ ಮಾತು ಬೇರೆ. ಬಯಲಿನಲ್ಲಿ ಎಳೆದ ತಂತಿ ನಮ್ಮ ಮಲೆನಾಡಿನ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಮರಕ್ಕೆ ಹೊಡೆದದ್ದೂ ತಂತಿಯಲ್ಲಿ ಹರಿದು ಎರಡೂ ಪೆಟ್ಟಿಗೆಯನ್ನು ಸುಟ್ಟೀತು. ನನ್ನದೇ ಕೆಲಸದಲ್ಲಿ ಒಮ್ಮೆ ಹಾಗಾಗಿದೆ, ಕೊಟ್ಟಿಗೆಗೆ ಎಳೆದು ಕೊಟ್ಟಿದ್ದೆ, ಮೊದಲ ಮಳೆಗೇ ಮೂರು ಸಾಮಾನು ಹೋಯಿತು, ಸಂಬಳವೂ ಕೇಳಲಿಲ್ಲ ನಾನು. ಚಪ್ಪರಕ್ಕೆ ಬೇಕೇ ಬೇಕೆಂದರೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ತಿರುಗಿ ಸಿಗ್ನಲ್ಲಾಗಿ ಮಾಡುವ ಪೆಟ್ಟಿಗೆ) ಇಟ್ಟು ನಡುವೆ ಫೈಬರ್ ಎಳೆಸಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಕಬ್ಬಿಣದ ಸರಿಗೆ ಇಲ್ಲದ ಫೈಬರ್ ಕೇಳಿ ತಗೊಳ್ಳಿ. ಮನೆಯೊಳಗೂ ಗುಡುಗು ಶುರುವಾದರೆ ಎರಡೂ ಕಡೆ ಪ್ಲಗ್ ಮತ್ತು ತಂತಿ ಕಿತ್ತಿಡಿ.

ಶಿರಸಿ ಸೊಸೆ:
ಚಪ್ಪರದ ಮಾತು ಅಡಿಕೆ ಕೊಯ್ಲು ಮುಗಿಯುವ ತನಕ ಮಾವನೇ ಮುಂದೆ ಹಾಕಿದ್ದಾರೆ. ಪ್ಲಗ್ ಕೀಳುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ, ಅದೂ ಬಹಳ ಶ್ರದ್ಧೆಯಿಂದ. ಮೊನ್ನೆ 20ನೇ ತಾರೀಕು, ರಿಟರ್ನ್ ಫೈಲ್ ಮಾಡಲು ಓಟಿಪಿ ಹೊಡೆಯುತ್ತಿದ್ದೆ. ಗುಡ್ಡದ ಆಚೆ ಎಲ್ಲೋ ಸಣ್ಣಗೆ ಗುಡುಗಿತು. ಸ್ಕ್ರೀನಿನಲ್ಲಿ ಚಕ್ರ ತಿರುಗಲು ಶುರುವಾಯಿತು, ಜಗಲಿಯಲ್ಲಿ ಭಾಗವತರ ಪದ್ಯವೂ ನಿಂತಿತ್ತು.