ವಿಂಡೋಸ್ 10 ಮುಗಿಯಿತು, ಗಟ್ಟಿಯಾಗಿರುವ ಪಿಸಿಯನ್ನು ಏನು ಮಾಡಲಿ?

ಪ್ರಶ್ನೆ:
ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. 2016ರಲ್ಲಿ ಕೊಂಡ ಪಿಸಿ. ಆರನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚೆನ್ನಾಗಿ ಓಡುತ್ತಿದೆ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಬಹುತೇಕ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಇಷ್ಟು ವರ್ಷ ನನ್ನ ಮನೆ ನಡೆಸಿದ ಯಂತ್ರ ಇದು. ಗುಜರಿಗೆ ಹಾಕಲು ಮನಸ್ಸೇ ಬರುತ್ತಿಲ್ಲ. ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ (ಓಎಸ್) ಹೋದರೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ ಕನ್ನಡ ಫೈಲುಗಳ ಗತಿ ಏನು?

ಉತ್ತರ 1:
ಗುಜರಿ ಬೇಡ ಸರ್. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವಾ ಅಂತ ಮೊದಲು ಪರೀಕ್ಷಿಸಿ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಇದೆ.

ಉತ್ತರ 2:
ಹಳೆಯ ನುಡಿ ಫೈಲುಗಳು ಆಸ್ಕಿ ಫಾಂಟಿನವು, ಅಂದರೆ ಆ ಫಾಂಟ್ ಇದ್ದರೆ ಮಾತ್ರ ಓದಲು ಬರುವಂಥವು ಅಲ್ವಾ? ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಇದು ಯಾವ ಓಎಸ್ ಬಂದರೂ ಮಾಡಲೇಬೇಕಾದ ಕೆಲಸ. ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ಮಾತ್ರ ಲಿನಕ್ಸ್‌ಗೆ ಇಲ್ಲ. ಅದರ ಬದಲು ಇಂಕ್‌ಸ್ಕೇಪ್ ಇದೆ, ಕಲಿಯಲು ಸಮಯ ಬೇಕು. ಆತುರ ಬೇಡ. ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನಿನ್ನೆ ರಾತ್ರಿ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿದೆ. ಪ್ರಿಂಟರ್ ಸಿಕ್ಕಿತು, ಸ್ಕ್ಯಾನರ್ ಸಿಗಲಿಲ್ಲ. ಮದುವೆ ಕಾಗದಗಳ ಫೈಲುಗಳನ್ನು ಈ ವಾರದಿಂದಲೇ ಯೂನಿಕೋಡ್‌ಗೆ ತರುತ್ತೇನೆ.